ಮನೆಯ ಓಟಿಜಿಯಲ್ಲಿ ನೇಪಲ್ಸ್ ಪಿಜ್ಜಾ

ಇಟಲಿಯ ನೇಪಲ್ಸ್‌ನ ಸೌದೆ ಒಲೆಯ ಕಾವು 430ರಿಂದ 480 ಡಿಗ್ರಿ ಸೆಲ್ಸಿಯಸ್. ಅಲ್ಲಿ ಪಿಜ್ಜಾ ಒಂದೂವರೆ ನಿಮಿಷದೊಳಗೆ ಬೆಂದುಬಿಡುತ್ತದೆ. ಮನೆಯ ಓಟಿಜಿ (ಓವನ್, ಟೋಸ್ಟರ್, ಗ್ರಿಲ್ ಮೂರೂ ಆಗುವ ಕರೆಂಟ್ ಒಲೆ) ಸಾಮಾನ್ಯವಾಗಿ 250ಕ್ಕೆ ನಿಲ್ಲುತ್ತದೆ, ಅದರಲ್ಲಿ ಏಳೆಂಟು ನಿಮಿಷ ಬೇಕು. ಅಷ್ಟು ಹೊತ್ತಿಗೆ ಕಣಕದ ನೀರು ಆರಿ ಅಂಚು ರಸ್ಕಿನಂತಾಗುತ್ತದೆ. ಅದಕ್ಕೇ ನಾನು ನೀರು ಹೆಚ್ಚಿಸುತ್ತೇನೆ. ನೇಪಲ್ಸ್‌ನವರು ಕಣಕಕ್ಕೆ ಹಾಕದ ಎಣ್ಣೆಯನ್ನೂ ಸೇರಿಸುತ್ತೇನೆ.

ಹತ್ತು ಇಂಚಿನ ಮೂರು ಪಿಜ್ಜಾಕ್ಕೆ ಮೈದಾ 450 ಗ್ರಾಂ, ನೀರು 295, ಉಪ್ಪು 12, ಆಲಿವ್ ಎಣ್ಣೆ 10, ಇನ್‌ಸ್ಟಂಟ್ ಯೀಸ್ಟ್ 1 ಗ್ರಾಂ. ಮೈದಾ ಪ್ಯಾಕೆಟ್ಟಿನ ಹಿಂದೆ ಪ್ರೋಟೀನ್ ಎಷ್ಟಿದೆ ನೋಡಿ. ನೂರು ಗ್ರಾಮಿಗೆ 11ಕ್ಕಿಂತ ಕಡಿಮೆಯಿದ್ದರೆ ನೀರು 270 ಸಾಕು, ಇಲ್ಲದಿದ್ದರೆ ಕೈಗೆ ಅಂಟಿ ಹರಡಿಕೊಳ್ಳುತ್ತದೆ. ಕಲಸಿ ಇಪ್ಪತ್ತು ನಿಮಿಷ ಮುಚ್ಚಿಡಿ, ಆಮೇಲೆ ಐದಾರು ನಿಮಿಷ ನಾದಿದರೆ ಸಾಕು. ಒಂದು ಗಂಟೆ ಹೊರಗಿಟ್ಟು, 255 ಗ್ರಾಮಿನ ಉಂಡೆ ಕಟ್ಟಿ, ಮುಚ್ಚಳದ ಡಬ್ಬಿಯಲ್ಲಿ ಫ್ರಿಜ್ಜಿಗಿಡಿ. 24 ಗಂಟೆ ಚೆನ್ನ, 48 ಇನ್ನೂ ಚೆನ್ನ. ಉಂಡೆ ಚಪ್ಪಟೆಯಾಗಿ ಹುಳಿ ವಾಸನೆ ಬಂದರೆ ಹುದುಗು ಮೀರಿದೆ, ತಟ್ಟುವಾಗ ಹರಿಯುತ್ತದೆ.

ಎರಡು ಗಂಟೆ ಮುಂಚೆ ಹೊರತೆಗೆಯಿರಿ, ಬೇಸಿಗೆಯಲ್ಲಿ ಒಂದು ಗಂಟೆ ಸಾಕು. ಲಟ್ಟಣಿಗೆ ಮುಟ್ಟಬೇಡಿ, ಅಂಚಿನ ಗಾಳಿಯೆಲ್ಲ ಹೋಗುತ್ತದೆ. ಸುತ್ತ ಒಂದು ಬೆರಳಗಲ ಬಿಟ್ಟು, ನಡುವಿನಿಂದ ಹೊರಕ್ಕೆ ಬೆರಳ ತುದಿಯಲ್ಲಿ ಒತ್ತುತ್ತಾ ಬನ್ನಿ. ಎಳೆದಷ್ಟೂ ಹಿಂದಕ್ಕೆ ಸೆಳೆದುಕೊಂಡರೆ ಹಿಟ್ಟು ಇನ್ನೂ ತಣ್ಣಗಿದೆ, ಕಾಲು ಗಂಟೆ ಬಿಡಿ.

ಟೊಮೆಟೊ ಸಿಪ್ಪೆ, ಬೀಜ ತೆಗೆದು ಕೈಯಲ್ಲೇ ಹಿಸುಕಿ, ಜರಡಿಯಲ್ಲಿ ನೀರು ಬಸಿದು ಉಪ್ಪು ಹಾಕಿ. ಕುದಿಸುವುದು ಬೇಡ. ಒಂದಕ್ಕೆ 70 ಗ್ರಾಂ. ನೀರಿನಲ್ಲಿ ಬರುವ ತಾಜಾ ಮೊಜ್ಜರೆಲ್ಲಾ ಚೀಸ್ 80 ಗ್ರಾಂ ಕತ್ತರಿಸಿ, ಎರಡು ಗಂಟೆ ಬಸಿಯಬೇಕು. ನಡುವೆ ಕೆರೆ ಕಟ್ಟಿ ತಳ ಹಸಿಯಾಗಿ ಉಳಿಯುವುದು ಬಹುಪಾಲು ಈ ಎರಡರ ನೀರಿನಿಂದಲೇ. ಬೇಸಿಲ್ ಸಿಗದಿದ್ದರೆ ಕಾಮಕಸ್ತೂರಿ ಎಲೆ ಹಾಕಿ, ಅದೂ ಅದೇ ಜಾತಿ. ಕಟ್ಟೆಯ ತುಳಸಿ ಬೇಡ, ಲವಂಗದ ಘಾಟು ಉಳಿದೆಲ್ಲವನ್ನೂ ನುಂಗುತ್ತದೆ.

ಹಿಡಿಯಿಲ್ಲದ ಕಬ್ಬಿಣದ ಕಾವಲಿಯನ್ನು ಮೇಲಿನ ಅಂತಸ್ತಿನಲ್ಲಿ ಬೋರಲಾಗಿಟ್ಟು 45 ನಿಮಿಷ ಕಾಯಿಸಿ. ಒಣಹಿಟ್ಟು ಉದುರಿಸಿದ ರಟ್ಟಿನಿಂದ ಪಿಜ್ಜಾವನ್ನು ಅದರ ಮೇಲೆ ಜಾರಿಸಿ. ಮೊದಲ ನಾಲ್ಕು ನಿಮಿಷ ಬರೀ ಟೊಮೆಟೊ, ಆಮೇಲೆ ಚೀಸ್. ಮೊದಲೇ ಹಾಕಿದರೆ ಎಣ್ಣೆ ಬಿಟ್ಟು ರಬ್ಬರಾಗುತ್ತದೆ. ಕೊನೆಯ ಒಂದೆರಡು ನಿಮಿಷ ಮೇಲಿನ ಕಾಯಿಲ್ ಮಾತ್ರ ಉರಿಯಲಿ, ಅಂಚಿಗೆ ಬಣ್ಣ ಬರುತ್ತದೆ.

ಟೊಮೆಟೊ, ಮೊಜ್ಜರೆಲ್ಲಾ, ಬೇಸಿಲ್ ಹಾಕಿದ ಈ ಪಿಜ್ಜಾಕ್ಕೆ ಮಾರ್ಗರೀಟಾ ಎಂದು ಹೆಸರು. 1889ರಲ್ಲಿ ನೇಪಲ್ಸ್‌ನ ಪಿಜ್ಜಾ ಬಾಣಸಿಗ ರಫಾಯೆಲೆ ಎಸ್ಪೊಸಿತೊ ಇಟಲಿಯ ರಾಣಿ ಮಾರ್ಗರೀಟಾಗೆ ಮಾಡಿಕೊಟ್ಟದ್ದೇ ಮೊದಲ ಮಾರ್ಗರೀಟಾ ಎನ್ನುತ್ತಾರೆ. ಆದರೆ ಮೊಜ್ಜರೆಲ್ಲಾ, ಬೇಸಿಲ್ ಹಾಕುವ ರೂಢಿ ನೇಪಲ್ಸ್‌ನಲ್ಲಿ ಅದಕ್ಕೂ ಹಿಂದಿನದು. ಹೊಸದಾಗಿ ಕಲಿಯುವವರಿಗೆ ನಾನು ಹೇಳುವುದು ಚೀಸ್ ಇಲ್ಲದ ಮಾರಿನಾರಾ: ಟೊಮೆಟೊ 80 ಗ್ರಾಂ, ತೆಳ್ಳಗೆ ಹೆಚ್ಚಿದ ಒಂದು ಎಸಳು ಬೆಳ್ಳುಳ್ಳಿ, ಚಿಟಿಕೆ ಒರೆಗಾನೊ, ಒಂದು ಚಮಚ ಎಣ್ಣೆ. ಕಣಕದ ಹದ ತಪ್ಪಿದ್ದರೆ ಅದರಲ್ಲಿ ಮೊದಲ ತುತ್ತಿಗೇ ಗೊತ್ತಾಗುತ್ತದೆ.