ರ‍್ಯಾಪ್ ಡ್ರೆಸ್ಸಿಗೆ ಅಂಬ್ರೆಲಾ ಲಂಗ ಕೂರಿಸಿದ ಬಗೆ

ನನ್ನ ಹತ್ತಿರ ರ‍್ಯಾಪ್ ಡ್ರೆಸ್ಸಿನ ಒಂದು ಪೇಪರ್ ಪ್ಯಾಟರ್ನ್ ಇತ್ತು. ಮುಂಭಾಗದ ಎರಡು ಪದರ ಒಂದರ ಮೇಲೊಂದು ಬಿದ್ದು ಲಾಡಿಯಲ್ಲಿ ಕಟ್ಟಿಕೊಳ್ಳುವ ಡ್ರೆಸ್ ಅದು. ಎದೆ, ಭುಜ, ಕಂಕುಳು ಎಲ್ಲ ನನ್ನ ಮೈಗೆ ಸರಿಯಾಗಿ ಕೂರುತ್ತಿತ್ತು. ಲಂಗ ಮಾತ್ರ ನೇರ ಕಟ್. ಹೆಜ್ಜೆ ಹಾಕಿದರೆ ಮೊಣಕಾಲಿಗೆ ಬಿಗಿ. ನನಗೆ ತಿರುಗಿದರೆ ಅರಳುವ ಪೂರ್ತಿ ಅಂಬ್ರೆಲಾ ಕಟ್ ಬೇಕಿತ್ತು. ಬಾಡಿ, ಅಂದರೆ ಸೊಂಟದ ಮೇಲಿನ ಭಾಗ, ಹಾಗೇ ಇಟ್ಟುಕೊಂಡು ಲಂಗ ಬದಲಿಸಿದರೆ ಆಯ್ತಲ್ವಾ ಅಂದುಕೊಂಡು ಶುರು ಮಾಡಿದೆ.

ಅಂಬ್ರೆಲಾ ಲೆಕ್ಕ ಹೊಲಿಯುವವರಿಗೆ ಗೊತ್ತೇ ಇರುತ್ತದೆ. ಸೊಂಟದ ಸುತ್ತಳತೆಯನ್ನು 6.28ರಿಂದ ಭಾಗಿಸಿದರೆ ಸೊಂಟಕ್ಕಾಗಿ ಲಂಗದ ನಡುವೆ ಕತ್ತರಿಸುವ ವೃತ್ತದ ತ್ರಿಜ್ಯ ಸಿಗುತ್ತದೆ. ನನ್ನ ಸೊಂಟ 30 ಇಂಚು, ಹಾಗಾಗಿ ತ್ರಿಜ್ಯ ಸುಮಾರು 4.8 ಇಂಚು. ಹಳೇ ಬೆಡ್‌ಶೀಟಿನ ಮೇಲೆ ಪ್ರಯೋಗಕ್ಕೆಂದು ಬಾಡಿ, ಲಂಗ ಎರಡಕ್ಕೂ ಗೆರೆ ಎಳೆದು ಕತ್ತರಿಸಿದೆ. ಬೆನ್ನಿನ ನಡುವಿನಿಂದ ಶುರು ಮಾಡಿ ಬಾಡಿಗೆ ಪಿನ್ನು ಹಾಕುತ್ತಾ ಬಂದೆ. ಬೆನ್ನು ಮುಗಿಯಿತು, ಮಗ್ಗುಲ ಹೊಲಿಗೆ ದಾಟಿತು, ಮುಂಭಾಗದ ಅರ್ಧಕ್ಕೆ ಬರುವಷ್ಟರಲ್ಲಿ ಲಂಗವೇ ಮುಗಿದುಹೋಯಿತು. ಎರಡೂ ಕಡೆ ಆರಾರು ಇಂಚು ಬಾಡಿ ಸುಮ್ನೆ ಜೋತಾಡುತ್ತಿತ್ತು.

ಆಗ ಹೊಳೆಯಿತು. ರ‍್ಯಾಪ್ ಡ್ರೆಸ್ಸಿನಲ್ಲಿ ಲಂಗ ಸೇರುವುದು ಬಾಡಿಯ ಕೆಳಗಿನ ಅಂಚಿಗೆ. ಆ ಅಂಚು ಸೊಂಟವನ್ನು ಒಂದು ಸುತ್ತು ಬಳಸಿ, ಮುಂದೆ ಒಂದರ ಮೇಲೊಂದು ಬೀಳುವಷ್ಟು ಉದ್ದ ಇರುತ್ತದೆ. ಅಳೆಯಬೇಕಾದದ್ದು ಅದನ್ನು. ಪ್ಯಾಟರ್ನ್ ತೆಗೆದು, ಡಾರ್ಟ್ (ಬಟ್ಟೆ ಮೈಗೆ ಕೂರಲು ಹಾಕುವ ಮೊನಚು ಮಡಿಕೆ) ಮಡಚಿ, ಹೊಲಿಗೆ ಗೆರೆಯ ಮೇಲೇ ಟೇಪು ಇಟ್ಟೆ. ಅರ್ಧ ಬೆನ್ನು ಏಳೂ ಮುಕ್ಕಾಲು, ಒಂದು ಮುಂಭಾಗ ಹದಿಮೂರೂ ಕಾಲು. ಸೇರಿಸಿದರೆ 21, ಎರಡೂ ಕಡೆ ಸೇರಿ 42. ಈಗ ತ್ರಿಜ್ಯ 6.7 ಇಂಚು. ಬೆಡ್‌ಶೀಟ್ ವ್ಯರ್ಥ ಆಗಲಿಲ್ಲ. ನಡುವಿನ ವೃತ್ತ ಚಿಕ್ಕದಾಗಿದ್ದರಿಂದ ಅದನ್ನೇ ಇನ್ನಷ್ಟು ಕೊರೆದೆ. ಲಂಗದ ಉದ್ದ ಎರಡು ಇಂಚು ಕಡಿಮೆ ಆಯಿತು, ಅಷ್ಟೇ. ವೃತ್ತ ದೊಡ್ಡದಾಗಿದ್ದರೆ ಈ ದಾರಿ ಇರುತ್ತಿರಲಿಲ್ಲ.

ಹಾಗಾಗಿ ನಿಜವಾದ ಬಟ್ಟೆಗೆ ಗೆರೆ ಹಾಕುವಾಗ ಕೈ ಹಿಡಿದೇ ಹಾಕಿದೆ. ಹೊಲಿಗೆಗೆ ಬಿಡುವ ಅರ್ಧ ಇಂಚು ಮಾರ್ಜಿನ್ ಕಳೆದರೆ 6.2ಕ್ಕೆ ಕತ್ತರಿಸಬೇಕು. ನಾನು 6ಕ್ಕೇ ಕತ್ತರಿಸಿದೆ. ವೃತ್ತದ ಅಂಚು ಅಲ್ಲಲ್ಲಿ ಕ್ರಾಸ್, ಅಂದರೆ ಎಳೆಗೆ ಓರೆ, ಆಗಿರುವುದರಿಂದ ಹೇಗೂ ಹಿಗ್ಗುತ್ತದೆ. ಪೂರ್ತಿ ವೃತ್ತದಲ್ಲಿ ತ್ರಿಜ್ಯ ಅರ್ಧ ಇಂಚು ತಪ್ಪಿದರೆ ಸೊಂಟ ಮೂರು ಇಂಚಿಗಿಂತ ಜಾಸ್ತಿ ಬದಲಾಗುತ್ತದೆ. ಮಾರ್ಜಿನ್ ಕಳೆಯಲು ಮರೆಯುವವರಿಗೆ ಲಂಗ ಸಡಿಲ ಆಗುವುದು ಇದರಿಂದಲೇ.

42 ಇಂಚಿನ ಲಂಗದಲ್ಲಿ ಹನ್ನೊಂದು-ಹನ್ನೆರಡು ಇಂಚು ಒಳಗೆ ಮುಚ್ಚಿಹೋಗುತ್ತದೆ. ಅಂದರೆ ಪೂರ್ತಿ ವೃತ್ತ ಕತ್ತರಿಸಿದರೂ ಮೈಸುತ್ತ ಕಾಣುವುದು ಮುಕ್ಕಾಲು ವೃತ್ತದ ಘೇರ. ಅರ್ಧ ವೃತ್ತದ ಲಂಗ ಹಾಕಿದರೆ ರ‍್ಯಾಪ್‌ನಲ್ಲಿ ಘೇರ ಇದೆ ಅಂತಲೇ ಅನ್ನಿಸುವುದಿಲ್ಲ. ಬಟ್ಟೆ ಉಳಿಸುವ ಆಸೆಗೆ ಅದನ್ನು ಮಾಡಬೇಡಿ ಅನ್ನುತ್ತೇನೆ.

ನನ್ನ ಬಟ್ಟೆ 44 ಇಂಚು ಪನ್ನಾದ (ಅಗಲದ) ರೇಯಾನ್. ಎರಡು ಅರ್ಧ ವೃತ್ತ ಕತ್ತರಿಸಿ ಬೆನ್ನಿನ ನಡುವೆ ಜೋಡಿಸಿದೆ. ಲಂಗಕ್ಕೇ ಮೂರೂವರೆ ಮೀಟರ್ ಹೋಯಿತು. ಅರ್ಧ ವೃತ್ತದ ನೇರ ಅಂಚನ್ನು ಬಟ್ಟೆಯ ಉದ್ದಕ್ಕೆ ಇಟ್ಟೆ. ಮುಂದೆ ತೆರೆದುಕೊಳ್ಳುವ ಅಂಚು ನೇರ ಎಳೆಯ ಮೇಲೆ ಬಂತು, ಆದ್ದರಿಂದ ಅದು ಹಿಗ್ಗಿ ಅಲೆಅಲೆಯಾಗಲಿಲ್ಲ. ಆ ಅಂಚನ್ನು ಮಡಚಲು ಒಂದು ಇಂಚು ಜಾಸ್ತಿ ಬಿಟ್ಟಿದ್ದೆ. ಪ್ರಿಂಟ್ ಬಗ್ಗೆ ಒಂದು ಮಾತು. ಹೀಗೆ ಇಟ್ಟಾಗ ಹೂವು ಬೆನ್ನಲ್ಲಿ ಮೇಲ್ಮುಖವಾಗಿದ್ದರೆ ಮುಂಭಾಗದಲ್ಲಿ ತಲೆಕೆಳಗಾಗುತ್ತದೆ. ಚುಕ್ಕಿ, ಸಣ್ಣ ಎಲೆ, ಯಾವ ಕಡೆಯಿಂದ ನೋಡಿದರೂ ಒಂದೇ ಅನ್ನಿಸುವ ಡಿಸೈನ್ ಆದರೆ ಚಿಂತೆ ಇಲ್ಲ.

ಬಾಡಿಯಲ್ಲಿ ಬದಲಿಸಿದ್ದು ಕೊರಳಿನ ಅಂಚು ಮಾತ್ರ. 1974ರಲ್ಲಿ ಫ್ಯಾಷನ್ ಡಿಸೈನರ್ ಡಯೇನ್ ವಾನ್ ಫರ್ಸ್ಟನ್‌ಬರ್ಗ್ ರ‍್ಯಾಪ್ ಡ್ರೆಸ್ಸನ್ನು ಜನಪ್ರಿಯ ಮಾಡಿದ್ದು ಹಿಗ್ಗುವ ಜೆರ್ಸಿ ಬಟ್ಟೆಯಲ್ಲಿ. ಅದು ಮೈಗೆ ತಾನೇ ಅಂಟಿಕೊಳ್ಳುತ್ತದೆ. ನೇಯ್ದ ರೇಯಾನ್ ಹಾಗಲ್ಲ. ಬೆಡ್‌ಶೀಟ್ ಬಾಡಿ ಹಾಕಿಕೊಂಡು ಸ್ವಲ್ಪ ಬಗ್ಗಿದೆ, ಎದೆಯ ಹತ್ತಿರ ಕೊರಳು ಬಾಯಿ ಬಿಟ್ಟಿತು. ಅಲ್ಲೇ ಅರ್ಧ ಇಂಚು ಚಿವುಟಿ ಪಿನ್ನು ಹಾಕಿದೆ. ಅಷ್ಟನ್ನೇ ಪೇಪರಿನಲ್ಲಿ ಕೊರಳಿನಿಂದ ಎದೆಯ ತುದಿಯವರೆಗೆ ಮಡಚಿ ಮುಚ್ಚಿ, ಸೊಂಟದ ಡಾರ್ಟಿಗೆ ಸೇರಿಸಿಬಿಟ್ಟೆ. ಕತ್ತರಿಸಿದ ಕೂಡಲೇ ಅಂಚಿಗೆ ಒಂದು ಸಾಲು ಹೊಲಿಗೆ ಹಾಕಿದೆ. ಆಮೇಲೆ ತೆಳು ಕಾಟನ್ ಟೇಪನ್ನು ಕೊರಳಿಗಿಂತ ಒಂದು ಬೆರಳಿನಷ್ಟು ಗಿಡ್ಡ ಇಟ್ಟು ಹೊಲಿದೆ. ಈಗ ಬಗ್ಗಿದರೂ ಅಂಚು ಮೈಗೆ ಒರಗಿಯೇ ಇರುತ್ತದೆ.

ಅಂಬ್ರೆಲಾ ಲಂಗ ಭಾರ. ಆ ಭಾರಕ್ಕೆ ಸೊಂಟದ ಹೊಲಿಗೆ ಎಳೆದು ಕೆಳಗಿಳಿಯುತ್ತದೆ. ಅದಕ್ಕೇ ಸೊಂಟದ ಹೊಲಿಗೆಯ ಮೇಲೂ ಸರಿಯಾಗಿ 42 ಇಂಚಿನ ಟೇಪು ಕೂರಿಸಿದೆ. ಬಲಭಾಗ ಮೇಲೆ ಬರುವಂತೆ ಸುತ್ತುವುದರಿಂದ, ಬಲ ಮಗ್ಗುಲ ಹೊಲಿಗೆಯಲ್ಲಿ, ಸೊಂಟಕ್ಕಿಂತ ಸ್ವಲ್ಪ ಮೇಲೆ, ಒಂದೂಕಾಲು ಇಂಚು ಹೊಲಿಯದೆ ಬಿಟ್ಟೆ. ಒಳಗಿನ ಲಾಡಿ ಅದರೊಳಗಿಂದ ಹೊರಬಂದು, ಬೆನ್ನು ಬಳಸಿ, ಎಡಗಡೆ ಇನ್ನೊಂದು ಲಾಡಿಯನ್ನು ಸೇರುತ್ತದೆ. ಬೆನ್ನು ಬಳಸುವ ಲಾಡಿ 36 ಇಂಚು ಬೇಕೇ ಬೇಕು.

ಹೊಲಿದು ಮುಗಿದ ದಿನ ಹೆಮ್ಮಿಂಗ್ ಮಾಡದೆ ಎರಡು ದಿನ ಹ್ಯಾಂಗರಿಗೆ ಹಾಕಿ ಬಿಟ್ಟೆ. ಮೂರನೇ ದಿನ ನೋಡಿದರೆ ನಾಲ್ಕು ಕಡೆ ಬಟ್ಟೆ ಇಳಿದಿತ್ತು, ಕ್ರಾಸ್ ಬಿದ್ದ ಜಾಗಗಳಲ್ಲೇ. ಮುಂಭಾಗದಲ್ಲಂತೂ ಒಂದು ಇಂಚಿಗಿಂತ ಜಾಸ್ತಿ. ಡ್ರೆಸ್ ಹಾಕಿಕೊಂಡು ನೆಟ್ಟಗೆ ನಿಂತೆ. ಅಕ್ಕ ನೆಲದ ಮೇಲೆ ಸ್ಕೇಲು ನಿಲ್ಲಿಸಿ, ಸುತ್ತಲೂ ಒಂದೇ ಎತ್ತರಕ್ಕೆ ಚಾಕಿನಲ್ಲಿ ಗುರುತು ಹಾಕಿದಳು. "ಅಲ್ಲಾಡಬೇಡ ಕಣೇ, ಗೆರೆ ಸೊಟ್ಟ ಆಗುತ್ತೆ" ಅಂತ ಮೂರು ಸಲ ಹೇಳಿದಳು. ಹೆಚ್ಚಿಗೆ ಇಳಿದದ್ದನ್ನು ಕತ್ತರಿಸಿ, ಕಾಲು ಇಂಚಿನ ಸಣ್ಣ ಮಡಿಕೆ ಹೊಲಿದೆ. ಅಗಲದ ಮಡಿಕೆ ಈ ದುಂಡು ಅಂಚಿಗೆ ಆಗುವುದಿಲ್ಲ, ನಿರಿಗೆ ಬೀಳುತ್ತದೆ. ಕೆಳಗಿನ ಅಂಚು 200 ಇಂಚು ದಾಟುತ್ತದೆ. ಒಂದೇ ಸಲಕ್ಕೆ ಹೊಲಿಯಲು ಕೂರಬೇಡಿ. ನಾನು ಬೆಳಿಗ್ಗೆ ಅರ್ಧ, ಸಂಜೆ ಅರ್ಧ ಹೊಲಿದೆ.

ಮೊದಲ ಸಲ ಹಾಕಿಕೊಂಡು ಕುರ್ಚಿಯಲ್ಲಿ ಕೂತಾಗ ಮೇಲಿನ ಪದರ ಜಾರಿ ಮೊಣಕಾಲು ಕಂಡಿತು. ಸೊಂಟದಿಂದ ಎಂಟು ಇಂಚು ಕೆಳಗೆ, ಒಳಗಡೆ ಒಂದು ಟಿಚ್ ಬಟನ್ ಹೊಲಿದೆ. ಗಾಳಿ ಬಂದರೂ ಈಗ ಲಂಗ ಪೂರ್ತಿ ತೆರೆದುಕೊಳ್ಳುವುದಿಲ್ಲ. ಗುಂಡಿಯ ಕೆಳಗಿನ ಘೇರ ಮಾತ್ರ ಅರಳುತ್ತದೆ.