ರೋನೊನ 81 ದಿನಗಳ ಬೆನ್ನು ಹತ್ತಿ

ಕಂಠೀರವ ಕ್ರೀಡಾಂಗಣದಲ್ಲಿ ಒಂದು ಬೆಳಿಗ್ಗೆ ಒಂದೇ ಒಂದು ಸುತ್ತನ್ನು 65.7 ಸೆಕೆಂಡಿನಲ್ಲಿ ಮುಗಿಸಲು ಓಡಿದೆ. ಆದದ್ದು 67.1. ತಡೆಗಳನ್ನೂ ನೀರನ್ನೂ ಹಾರಿ ಓಡುವ ಸ್ಟೀಪಲ್‌ಚೇಸ್‌ನ ನೀರಿನ ಗುಂಡಿಯ ಪಕ್ಕ ಕುಸಿದು ಕೂತವನಿಗೆ ಸ್ವಲ್ಪ ಹೊತ್ತು ಮಾತೇ ಹೊರಡಲಿಲ್ಲ. 1978ರ ಜೂನ್ 11ರಂದು ವಿಯೆನ್ನಾದಲ್ಲಿ ಕೆನ್ಯಾದ ಹೆನ್ರಿ ರೋನೊ ಆ 65.7ರ ವೇಗದ 25 ಸುತ್ತುಗಳನ್ನು ಒಂದರ ಹಿಂದೊಂದು ಓಡಿದ್ದರು. 10,000 ಮೀಟರಿಗೆ 27 ನಿಮಿಷ 22.4 ಸೆಕೆಂಡು, ವಿಶ್ವ ದಾಖಲೆ. ಅದು ಆ ಋತುವಿನಲ್ಲಿ ಅವರ ಮೂರನೆಯ ದಾಖಲೆ!

ಉಳಿದವನ್ನೂ ಹೇಳಿಬಿಡುತ್ತೇನೆ. ಏಪ್ರಿಲ್ 8ರಂದು ಬರ್ಕ್ಲಿಯಲ್ಲಿ 5,000 ಮೀಟರ್, 13:08.4. ಮೇ 13ರಂದು ಸಿಯಾಟಲ್‌ನಲ್ಲಿ 3,000 ಮೀಟರ್ ಸ್ಟೀಪಲ್‌ಚೇಸ್, 8:05.4. ವಿಯೆನ್ನಾ ಆದ ಮೇಲೆ ಜೂನ್ 27ರಂದು ಓಸ್ಲೊದಲ್ಲಿ 3,000 ಮೀಟರ್, 7:32.1. ಒಟ್ಟು 81 ದಿನ, ನಾಲ್ಕು ವಿಶ್ವ ದಾಖಲೆ. ಆಗ ಅವರು ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯದ ವಿದ್ಯಾರ್ಥಿ.

ಇದೇ ದೂರದ ಓಟದ ಇತಿಹಾಸದ ಅತ್ಯುತ್ತಮ ಋತು ಎಂಬುದು ನನ್ನ ವಾದ. ನಮ್ಮ ಮೇಷ್ಟ್ರು ಒಪ್ಪುವುದಿಲ್ಲ. ನಿವೃತ್ತ ಪಿ.ಟಿ. ಮೇಷ್ಟ್ರು ಅವರು; ಬೆಳಗಿನ ಓಟ ಮುಗಿಸಿ ದರ್ಶಿನಿಯಲ್ಲಿ ಕಾಫಿ ಹಿಡಿದು ನಿಂತರೆ ಸಾಕು, ಮಾತಿನಲ್ಲಿ ಚೆಕೊಸ್ಲೊವಾಕಿಯಾದ ಓಟಗಾರ ಎಮಿಲ್ ಜಾಟೊಪೆಕ್ ಬಂದೇ ಬರುತ್ತಾರೆ. 1952ರ ಹೆಲ್ಸಿಂಕಿ ಒಲಿಂಪಿಕ್ಸ್, ಎಂಟು ದಿನಗಳಲ್ಲಿ 5,000, 10,000 ಮತ್ತು ಮ್ಯಾರಥಾನ್ ಮೂರರಲ್ಲೂ ಚಿನ್ನ, ಅದೂ ಬದುಕಿನ ಮೊದಲ ಮ್ಯಾರಥಾನ್. "ದಾಖಲೆಗೆ ನೀನು ದಿನ ಗೊತ್ತುಮಾಡಿಕೊಳ್ಳಬಹುದು, ಗಾಳಿ ಎದ್ದರೆ ಮುಂದಿನ ವಾರ ನೋಡಬಹುದು. ಫೈನಲ್ ಹಾಗಲ್ಲಪ್ಪ" ಎನ್ನುತ್ತಾರೆ.

ಮಾತು ತಳ್ಳಿಹಾಕುವಂಥದ್ದಲ್ಲ. ಆಸ್ಟ್ರೇಲಿಯಾದ ರಾನ್ ಕ್ಲಾರ್ಕ್ 1965ರ ಒಂದೇ ಯುರೋಪ್ ಪ್ರವಾಸದಲ್ಲಿ ದಾಖಲೆಗಳನ್ನು ಸಾಲುಸಾಲಾಗಿ ಮುರಿದರು, 10,000 ಮೀಟರನ್ನು 28 ನಿಮಿಷದೊಳಗೆ ತಂದ ಮೊದಲಿಗರಾದರು. ಒಲಿಂಪಿಕ್ ಚಿನ್ನ ಮಾತ್ರ ಒಮ್ಮೆಯೂ ಕೈಗೆ ಬರಲಿಲ್ಲ. ಕೊನೆಗೆ ಜಾಟೊಪೆಕ್ ಅವರೇ ತಮ್ಮದೊಂದು ಚಿನ್ನದ ಪದಕವನ್ನು ಅವರಿಗೆ ಕೊಟ್ಟು ಕಳಿಸಿದರು. ಈ ಕಥೆ ಹೇಳುವಾಗ ಮೇಷ್ಟ್ರ ಕಾಫಿ ಆರಿಹೋಗುತ್ತದೆ. 1996ರ ಡೇನಿಯಲ್ ಕೋಮೆನ್ ಕಥೆ ಇನ್ನೊಂದು ಬಗೆಯದು. ಆ ವರ್ಷ ಅವರು ಅಟ್ಲಾಂಟಾಗೆ ಹೋದ ಕೆನ್ಯಾ ತಂಡದಲ್ಲಿಯೇ ಇರಲಿಲ್ಲ. ಒಲಿಂಪಿಕ್ಸ್ ಮುಗಿದ ಮೇಲೆ, ಸೆಪ್ಟೆಂಬರ್ 1ರಂದು, ಇಟಲಿಯ ರಿಯೇತಿಯಲ್ಲಿ 3,000 ಮೀಟರನ್ನು 7:20.67ಕ್ಕೆ ಓಡಿದರು. ಅದನ್ನು ಮುರಿಯಲು 2024ರವರೆಗೆ ಕಾಯಬೇಕಾಯಿತು. ಅಷ್ಟರಲ್ಲಿ ಪುಟಿಯುವ ಹೊಸ ಬೂಟುಗಳೂ ಬಂದಿದ್ದವು.

ರೋನೊಗೆ ಒಲಿಂಪಿಕ್ಸ್ ಸಿಗಲೇ ಇಲ್ಲ. 1976 ಮತ್ತು 1980 ಎರಡನ್ನೂ ಕೆನ್ಯಾ ಬಹಿಷ್ಕರಿಸಿತು. ಆದರೆ 1978ರಲ್ಲೇ ಅಲ್ಜೀರ್ಸ್‌ನ ಆಫ್ರಿಕನ್ ಕ್ರೀಡಾಕೂಟದಲ್ಲಿ 10,000 ಮತ್ತು ಸ್ಟೀಪಲ್‌ಚೇಸ್, ಎಡ್ಮಂಟನ್‌ನ ಕಾಮನ್‌ವೆಲ್ತ್‌ನಲ್ಲಿ 5,000 ಮತ್ತು ಸ್ಟೀಪಲ್‌ಚೇಸ್ ಗೆದ್ದರು. ಮೇಷ್ಟ್ರು ಕೇಳುವ ಫೈನಲ್ ಇಲ್ಲಿಯೂ ಇದೆ ಎಂದು ನಾನು ಹೇಳುವ ಹೊತ್ತಿಗೆ ಅವರಿಗೆ ಬಸ್ಸಿನ ಸಮಯವಾಗಿರುತ್ತದೆ.

ವಾದ ಮಾಡಿ ಬೇಸತ್ತು, ನನ್ನ ಮಟ್ಟದಲ್ಲಿ ಇದನ್ನು ಓಡಿಯೇ ನೋಡೋಣ ಎಂದುಕೊಂಡೆ. ವಯಸ್ಸು 43, ಕುರ್ಚಿಯಲ್ಲಿ ಕೂತು ಮಾಡುವ ಕೆಲಸ. ನಲವತ್ತು ದಾಟಿದ ಮೇಲಿನ ನನ್ನ ಉತ್ತಮ ಸಮಯಗಳು: 1,500ಕ್ಕೆ 5:02, 3,000ಕ್ಕೆ 10:48, 5,000ಕ್ಕೆ 18:44, 10,000ಕ್ಕೆ 39:20. ರೋನೊನ ಕ್ರಮದಲ್ಲೇ, ಅವರಷ್ಟೇ ದಿನಗಳಲ್ಲಿ ಈ ನಾಲ್ಕನ್ನೂ ಮುರಿಯಬೇಕು. ಸ್ಟೀಪಲ್‌ಚೇಸ್ ಹಾರುವ ಧೈರ್ಯವಿಲ್ಲದೆ ಅದರ ಜಾಗಕ್ಕೆ 1,500 ಇಟ್ಟುಕೊಂಡೆ. ಬೆಂಗಳೂರಿನ ಏಪ್ರಿಲ್‌ನಲ್ಲಿ ದಾಖಲೆಯ ಮಾತೆತ್ತುವವನು ಹುಚ್ಚ. ಹಾಗಾಗಿ ನವೆಂಬರ್‌ನಿಂದ ಫೆಬ್ರುವರಿ.

ತಯಾರಿ ಸರಳ. ಭಾನುವಾರ ಜ್ಞಾನಭಾರತಿಯ ಮರಗಳ ನಡುವೆ 18 ಕಿಲೋಮೀಟರ್ ನಿಧಾನದ ಓಟ. ಮಂಗಳವಾರ ಐದು ಸಲ 1,000 ಮೀಟರ್, ತಲಾ 3:40, ನಡುವೆ ತೊಂಬತ್ತು ಸೆಕೆಂಡು ಕುಂಟುನಡಿಗೆ. ಶುಕ್ರವಾರ ಎಂಟು ಸಲ 400. ಮಿಕ್ಕ ದಿನ ಮಾತಾಡಿಕೊಂಡು ಓಡುವ ವೇಗ.

ಮೊದಲ 5,000 ಬಸವನಗುಡಿಯ ಕಡಲೆಕಾಯಿ ಪರಿಷೆಯ ಹಿಂದಿನ ದಿನ, ಒಂದು ಕಾಲೇಜಿನ ಮಣ್ಣಿನ ಟ್ರ್ಯಾಕಿನಲ್ಲಿ. ಹನ್ನೆರಡೂವರೆ ಸುತ್ತು. ಲೆಕ್ಕ ತಪ್ಪದಿರಲೆಂದು ಗೆಳೆಯ ಹನ್ನೆರಡು ಕಡಲೆಕಾಯಿ ಕೈಯಲ್ಲಿಟ್ಟುಕೊಂಡಿದ್ದ; ಮೊದಲ ಅರ್ಧ ಸುತ್ತು ಬಿಟ್ಟು, ಆಮೇಲೆ ನಾನು ಸುತ್ತು ಮುಗಿಸಿ ಗೆರೆ ದಾಟಿದಾಗಲೆಲ್ಲ ಒಂದನ್ನು ಬಿಡಿಸಿ ಬಾಯಿಗೆ ಹಾಕಿಕೊಳ್ಳುವುದು, ಕೈ ಖಾಲಿಯಾದಾಗ ಕೈ ಎತ್ತುವುದು. ಅವನು ಕೈ ಎತ್ತಿದ, ನಾನು ನಿಂತೆ. ಸ್ಟಾಪ್‌ವಾಚ್‌ನಲ್ಲಿ 17:02. ಒಂದು ಕ್ಷಣ ನನ್ನಲ್ಲಿ ದೇವರೇ ಹೊಕ್ಕಿದ್ದಾನೆ ಅನ್ನಿಸಿತು. ಆಮೇಲೆ ಅವನ ಕಾಲ ಬಳಿ ಸಿಪ್ಪೆ ಎಣಿಸಿದೆವು. ಹನ್ನೆರಡೂ ಇದ್ದವು. ಓಡಿದ್ದು ಹನ್ನೊಂದೂವರೆ ಸುತ್ತು. ನಡುವೆ ಯಾವಾಗಲೋ ರುಚಿ ಹತ್ತಿ ಒಂದು ಹೆಚ್ಚಿಗೆ ತಿಂದಿದ್ದಾನೆ, ಪುಣ್ಯಾತ್ಮ. ಮುಂದಿನ ಭಾನುವಾರ ಮತ್ತೆ ಓಡಿದೆ: 18:31. ಒಂದು ವಾರ ಹೋಯಿತು, ಮೊದಲ ದಾಖಲೆ ಉಳಿಯಿತು.

ಡಿಸೆಂಬರ್ 25ರ 1,500 ನನ್ನ ಬದುಕಿನ ಅತ್ಯಂತ ಚೆಂದದ ಐದು ನಿಮಿಷ. ಸರಿಯಾಗಿ ಹೇಳಬೇಕೆಂದರೆ ಐದು ನಿಮಿಷಕ್ಕೆ ಎರಡು ಸೆಕೆಂಡು ಕಡಿಮೆ. ಕೊನೆಯ ಮುನ್ನೂರರಲ್ಲಿ ತೊಡೆ ಕಲ್ಲಾಗಿತ್ತು, ತೋಳು ಮಾತ್ರ ನನ್ನದಾಗಿತ್ತು. 4:58 ಎಂದು ಗೆಳೆಯ ಕೂಗಿದಾಗ ವಾಚನ್ನು ಕಿತ್ತುಕೊಂಡು ನಾನೇ ನೋಡಿದೆ. ಕಡಲೆಕಾಯಿಯ ನಂತರ ಅವನ ಮೇಲೆ ನಂಬಿಕೆ ಅಷ್ಟಕ್ಕಷ್ಟೆ.

ಅಲ್ಲಿಂದಲೇ ಕೆಟ್ಟದ್ದು. ವೇಗದ ರುಚಿ ಹತ್ತಿ 400ರ ಸುತ್ತುಗಳನ್ನು ವಾರಕ್ಕೆ ಎರಡು ಸಲ ಮಾಡತೊಡಗಿದೆ. ಚಳಿ, ಮಂಜು, ಮನೆಯಲ್ಲಿ ಹಿತಕಿದ ಅವರೆಬೇಳೆ ಸಾರು; ಭಾನುವಾರದ 18 ಕಿಲೋಮೀಟರ್ ಹತ್ತಕ್ಕೆ ಇಳಿಯಿತು. ಜನವರಿ 22ರ 10,000ದಲ್ಲಿ ಹದಿನೈದು ಸುತ್ತು ತಲಾ 93 ಸೆಕೆಂಡು, ಗಡಿಯಾರದ ಮುಳ್ಳಿನಂತೆ. ಹದಿನಾರನೆಯದು 97. ಆಮೇಲೆ ನೂರರ ಆಸುಪಾಸು. ಉಸಿರಿಗೆ ಏನೂ ಆಗಿರಲಿಲ್ಲ. ಕಾಲು ಎತ್ತಿದರೆ ಏಳುತ್ತಿರಲಿಲ್ಲ. 39:46. ಸ್ಟೀಪಲ್‌ಚೇಸ್‌ನ ದಾಖಲೆ ಮುರಿದು 29 ದಿನಕ್ಕೆ 10,000ದ ದಾಖಲೆ ಎಂದರೆ ಏನೆಂದು ನನಗೆ ತಿಳಿದದ್ದು ಆ ಹತ್ತು ಸುತ್ತುಗಳಲ್ಲಿ. ಬ್ರಿಟನ್ನಿನ ಸೆಬಾಸ್ಟಿಯನ್ ಕೋ 1979ರಲ್ಲಿ 41 ದಿನಗಳಲ್ಲಿ ಮೂರು ದಾಖಲೆ ಮಾಡಿದರು, 800, ಮೈಲಿ, 1,500. ಅದ್ಭುತವೇ. ಆದರೆ ಮೂರೂ ಅಕ್ಕಪಕ್ಕದ ಮನೆಗಳು. ರೋನೊ ಊರಿನ ಈ ತುದಿಯಿಂದ ಆ ತುದಿಗೆ ಹೋಗಿ ಬಂದಿದ್ದಾರೆ. ವೇಗವನ್ನು ಹರಿತ ಮಾಡುತ್ತಲೇ ದಮ್ಮನ್ನೂ ಕಾಯ್ದುಕೊಂಡಿದ್ದಾರೆ. ನನ್ನಿಂದ ಎಂಟು ಭಾನುವಾರ ಅದು ಆಗಲಿಲ್ಲ.

ಕೊನೆಯ 3,000ಕ್ಕೆ ಎರಡೇ ವಾರವಿತ್ತು. ಮೊದಲ ವಾರದಲ್ಲೇ ಜ್ವರ ಬಂದು ನಾಲ್ಕು ದಿನ ಮಲಗಿದೆ. ಎಲ್ಲ ಮುಗಿಯಿತು ಎಂದುಕೊಂಡೇ ಫೆಬ್ರುವರಿ 5ರಂದು ಗೆರೆಯ ಮೇಲೆ ನಿಂತೆ. 10:39. ಆ ನಾಲ್ಕು ದಿನದ ಹಾಸಿಗೆಯೇ ನನಗೆ ಬೇಕಾಗಿದ್ದ ತರಬೇತಿ ಎಂದು ಅನುಮಾನ.

ನಾಲ್ಕರಲ್ಲಿ ಮೂರು, 71 ದಿನ. ಹಾಳೆಯನ್ನು ಮೇಷ್ಟ್ರ ಮುಂದಿಟ್ಟೆ. ಕನ್ನಡಕ ಏರಿಸಿ ಎರಡು ಸಲ ಓದಿದರು.

"ಎಲ್ಲ ಸರಿ. ನಿನ್ನ ರೋನೊ ನೀರು ಹಾರಿದ್ದನಲ್ಲ, ಅದೆಲ್ಲಿ?"

ಮರುದಿನ ಕಂಠೀರವಕ್ಕೆ ಹೋಗಿ ಸ್ಟೀಪಲ್‌ಚೇಸ್‌ನ ತಡೆಯ ಪಕ್ಕ ನಿಂತೆ. 91.4 ಸೆಂಟಿಮೀಟರ್. ಹರ್ಡಲ್‌ನಂತೆ ತಗುಲಿದರೆ ಬೀಳುವಂಥದ್ದಲ್ಲ, ತೊಲೆ. 3,000 ಮೀಟರಿಗೆ ಇಂಥವು 28, ಮೇಲೆ ಏಳು ನೀರಿನ ಗುಂಡಿ. ಮೇಲೆ ಕಾಲಿಟ್ಟು ದಾಟುವುದನ್ನು ಅಭ್ಯಾಸ ಮಾಡಿದೆ. ಏಳು ಸಲ ದಾಟಿದೆ. ಎಂಟನೆಯದಕ್ಕೆ ಮೊಣಕಾಲು ಬಡಿಯಿತು. ಗುಂಡಿಯಲ್ಲಿ ಆವತ್ತು ನೀರೂ ಇರಲಿಲ್ಲ.