ನೆಡೋಕೆ ದುಡ್ಡು, ಕಡಿಯೋಕೆ ಅರ್ಜಿ: ಬದುವಿನ ಮರಗಳ ಜೊತೆ ನನ್ನ ಅನುಭವ

ಹೊಲದಲ್ಲಿ ಮರ ಬೆಳೆಸೋದಕ್ಕೆ ಅಂತಲೇ ರಾಷ್ಟ್ರೀಯ ನೀತಿ ಮಾಡಿದ ಮೊದಲ ದೇಶ ನಮ್ಮದು, 2014ರಲ್ಲಿ. ಅದರಲ್ಲಿ ನನಗೆ ಮುಖ್ಯ ಅನ್ನಿಸಿದ್ದು ಒಂದೇ: ರೈತ ಬೆಳೆಸಿದ ಮರ ಕಡಿಯಲು, ಸಾಗಿಸಲು ಇರುವ ಅಡ್ಡಿ ಸಡಿಲಿಸಬೇಕು ಅನ್ನುವುದು.

ನಾನು ತುಮಕೂರು ಕಡೆಯ ರಾಗಿ ಬೆಳೆಗಾರ. ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಗೆ ಸೇರಿದೆ. ಇದು ರಾಜ್ಯದ್ದು, 2011-12ರಿಂದಲೇ ಇದೆ. ಪಹಣಿ, ಬ್ಯಾಂಕ್ ಪಾಸ್‌ಬುಕ್ ಹಿಡಿದು ವಲಯ ಅರಣ್ಯ ಕಚೇರಿಯಲ್ಲಿ ಹೆಸರು ಬರೆಸಿದರೆ ಕಡಿಮೆ ಬೆಲೆಗೆ ಸಸಿ ಸಿಗುತ್ತದೆ. ಆಮೇಲೆ ಮೂರು ವರ್ಷ, ಪ್ರತಿ ವರ್ಷ ಬದುಕಿರುವ ಗಿಡ ಎಣಿಸಿ ಖಾತೆಗೆ ದುಡ್ಡು ಹಾಕುತ್ತಾರೆ. ನೆಟ್ಟಿದ್ದಕ್ಕಲ್ಲ, ಉಳಿಸಿದ್ದಕ್ಕೆ. ಹಾಗಾಗಿ ಬೇಸಿಗೆಯಲ್ಲಿ ಬಿಂದಿಗೆ ಹೊತ್ತು ನೀರು ಹಾಕೋಕೂ ಮನಸ್ಸು ಬರುತ್ತದೆ.

ರಾಗಿಗೆ ನೆರಳು ಬೀಳುತ್ತೆ ಅಂತ ಎಲ್ಲರೂ ಹೆದರಿಸಿದರು. ಬದುವಿನ ಪಕ್ಕ ಒಂದೂವರೆ ಅಡಿ ಆಳದ ಕಾಲುವೆ ಹೊಡೆಸಿದೆ, ಬೇರು ಹೊಲದೊಳಗೆ ನುಗ್ಗದ ಹಾಗೆ. ಮುಂಗಾರಿಗೆ ಮುಂಚೆ ಕೆಳಗಿನ ಕೊಂಬೆ ಸವರುತ್ತೇನೆ. ಸೊಪ್ಪು ಆಡಿಗೆ, ಕಡ್ಡಿ ಒಲೆಗೆ. ಬದುವಿನ ಪಕ್ಕದ ಒಂದೆರಡು ಸಾಲು ಸ್ವಲ್ಪ ಸೊರಗುತ್ತವೆ, ಅದನ್ನ ಇಲ್ಲ ಅನ್ನಲ್ಲ.

ತಲೆನೋವು ಬೇರೆ ಕಡೆ ಇದೆ. ನೀಲಗಿರಿ, ಸರ್ವೆ, ಸಿಲ್ವರ್ ಓಕ್ ಕಡಿಯೋಕೆ ಮರ ಸಂರಕ್ಷಣಾ ಕಾಯ್ದೆಯಲ್ಲಿ ಅನುಮತಿ ಬೇಡ, ಆದರೆ ಅವಕ್ಕೆ ಪ್ರೋತ್ಸಾಹಧನ ಇಲ್ಲ. ತೇಗಕ್ಕೆ ದುಡ್ಡು ಕೊಡುತ್ತಾರೆ, ಕಡಿಯೋಕೆ ಅರ್ಜಿ ಹಾಕಬೇಕು! ಅರಣ್ಯ ಇಲಾಖೆಯವರೇ, ದುಡ್ಡು ಕೊಟ್ಟು ನೆಡಿಸಿದ್ದು ನೀವೇ, ಎಣಿಸಿದ್ದೂ ನೀವೇ ಅಲ್ವಾ? ಆ ಎಣಿಕೆಯನ್ನೇ ಅನುಮತಿಗೂ ಆಧಾರ ಮಾಡಿಕೊಳ್ಳಬಹುದಲ್ಲ. ನೆಲದ ನೀರು ಹೀರುವ ನೀಲಗಿರಿಗೆ ಯಾಕೆ ದುಡ್ಡಿಲ್ಲ ಅಂತ ನಾನು ಕೇಳುತ್ತಿಲ್ಲ, ನಮ್ಮ ಕಡೆಯ ಒಣಗಿದ ಬಾವಿಗಳನ್ನ ನೋಡಿದವರು ಅದನ್ನ ಕೇಳಲ್ಲ.

2025ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ರಾಜ್ಯಗಳಿಗೆ ಮಾದರಿ ನಿಯಮ ಕಳಿಸಿದೆ: ತೋಟ ನೋಂದಾಯಿಸಿ, ಫೋಟೊ ಹಾಕಿ, ಹತ್ತು ಮರದವರೆಗೆ ಆನ್‌ಲೈನಲ್ಲೇ ಒಪ್ಪಿಗೆ ಅಂತ. ಆದರೆ ಮಾದರಿ ಅಂದರೆ ಮಾದರಿ ಅಷ್ಟೇ, ರಾಜ್ಯ ಒಪ್ಪಿ ಜಾರಿ ಮಾಡಬೇಕು.

ಅಲ್ಲಿವರೆಗೆ ನನ್ನ ದಾರಿ ಇದು. ಉತ್ತರದ ಬದುವಿಗೆ ಪ್ರೋತ್ಸಾಹಧನದ ತೇಗ, ಅದು ಮಕ್ಕಳ ಕಾಲಕ್ಕೆ. ಪಶ್ಚಿಮದ ಬದುವಿಗೆ ಕೈಯಿಂದ ದುಡ್ಡು ಹಾಕಿ ಸಿಲ್ವರ್ ಓಕ್, ಕಷ್ಟ ಬಂದಾಗ ಕಡಿದು ಮಾರೋಕೆ. ನಾಳೆ ಕಡಿಯುವಾಗ ಇದು ನಾನೇ ಬೆಳೆಸಿದ್ದು ಅಂತ ತೋರಿಸೋಕೆ ತೇಗವನ್ನ ಪಹಣಿಯಲ್ಲಿ ಬರೆಸಿದ್ದೇನೆ. ನೆಟ್ಟ ವರ್ಷದ ಫೋಟೊ, ಸಸಿ ಕೊಂಡ ರಸೀದಿ ಒಂದೇ ಫೈಲಲ್ಲಿವೆ. ಈ ಮಳೆಗಾಲಕ್ಕೆ ಸಸಿ ತರುವವರು ರಸೀದಿ ಮಾತ್ರ ಬಿಸಾಡಬೇಡಿ.